ಎಡ್ಡಿ ಫುಸ್ಕೊನ ಹನ್ನೆರಡು ವಾಕ್ಯ

ಎಡ್ಡಿ ಫುಸ್ಕೊನಿಗೆ ಇಟಾಲಿಯನ್ ನೀರು ಕುಡಿದಷ್ಟು ಸಲೀಸು ಎಂಬುದು ಪ್ರಾವಿಡೆನ್ಸ್ ಊರಿನ ಇಟಾಲಿಯನ್ ಕೇರಿಯಲ್ಲಿ ಎಲ್ಲರೂ ಒಪ್ಪಿಕೊಂಡಿದ್ದ ಮಾತು. ಒಪ್ಪದಿದ್ದವಳು ಒಬ್ಬಳೇ, ಅವನ ಹೆಂಡತಿ ಲೊರೆಟ್ಟಾ. ಆದರೆ ಗಂಡನ ವಿಚಾರದಲ್ಲಿ ಹೆಂಡತಿಯ ಸಾಕ್ಷ್ಯವನ್ನು ಯಾವ ಕೇರಿ ತಾನೇ ಗಂಭೀರವಾಗಿ ತೆಗೆದುಕೊಂಡಿದೆ?

ಮೂವತ್ತೊಂದು ವರ್ಷ ಮನೆಮನೆಯ ನೀರಿನ ಮೀಟರ್ ಓದಿ ನಿವೃತ್ತನಾಗಿದ್ದ ಎಡ್ಡಿ ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿಸಿ ಬೇಕರಿಗೆ ಬರುತ್ತಿದ್ದ. ಅಲ್ಲಿ ರಿಕೊಟ್ಟಾ ಗಿಣ್ಣನ್ನು ಕೇಳುವಾಗ ಪದದ ಬಾಲ ಕತ್ತರಿಸಿ "ರಿಗಾಟ್" ಎನ್ನುತ್ತಿದ್ದ. ಐದು ಬೆರಳನ್ನೂ ಒಟ್ಟುಗೂಡಿಸಿ ಮೂಗಿನ ಮುಂದೆ ಅಲ್ಲಾಡಿಸುತ್ತಿದ್ದ. ಹಿಂದೆ ಸಾಲಿನಲ್ಲಿ ನಿಂತವರು ತಲೆದೂಗುತ್ತಿದ್ದರು. ಅವನ ಪಾಂಡಿತ್ಯದ ಅರ್ಧ ಈ ಬೆರಳುಗಳಲ್ಲಿತ್ತು. ಉಳಿದರ್ಧ ಅವನ ಅಜ್ಜಿಯಿಂದ ಬಂದ ಹನ್ನೆರಡು ವಾಕ್ಯಗಳಲ್ಲಿತ್ತು.

ನೇಪಲ್ಸ್ ಹತ್ತಿರದ ಹಳ್ಳಿಯಿಂದ ಹಡಗು ಹತ್ತಿ ಬಂದ ಆ ಅಜ್ಜಿ ಮೊಮ್ಮಗನನ್ನು ಎಂದೂ ಮಾತಾಡಿಸಿದವಳಲ್ಲ, ಬೈದವಳು. "ಬಾಗಿಲು ಹಾಕೋ, ಗುಹೆಯಲ್ಲಿ ಹುಟ್ಟಿದ್ಯಾ?", "ತಿನ್ನು, ಇಲ್ಲಾ ಸಾಯಿ", "ಯಾರು ಅಂದ್ಕೊಂಡಿದ್ದೀಯ ನೀನು, ಊರ ದೊರೇನಾ?", "ನಿನ್ನ ಮುಖಕ್ಕೆ ಸೋಪು ದಂಡ". ಹೀಗೆ ಹನ್ನೊಂದು. ಇವು ಬೈಗುಳವೆಂದು ಎಡ್ಡಿಗೂ ಗೊತ್ತಿತ್ತು. ಆದರೆ ಹನ್ನೆರಡನೆಯದು ಬೇರೆ. ಅವನು ಚೀಲ ಹೆಗಲಿಗೇರಿಸಿ ಶಾಲೆಗೆ ಹೊರಡುವಾಗ ಅಜ್ಜಿ ದಿನಾ ಬಾಗಿಲಲ್ಲಿ ನಿಂತು "ಪೊತ್ಸೆ ಸ್ಕುಲಾ!" ಎನ್ನುತ್ತಿದ್ದಳು. ದೂರು ಹೇಳಲು ಮನೆಗೆ ಬಂದ ಮುಖ್ಯೋಪಾಧ್ಯಾಯರಿಗೂ ಒಮ್ಮೆ ಬಾಯ್ತುಂಬ ನಕ್ಕು ಅದನ್ನೇ ಹೇಳಿದ್ದಳು. ಅವರು ಟೊಪ್ಪಿಗೆ ತೆಗೆದು ವಂದಿಸಿದ್ದರು. ಸ್ಕುಲಾ ಅಂದರೆ ಸ್ಕೂಲು, ಇದು "ವಿದ್ಯಾವಂತನಾಗು" ಎಂಬ ಆಶೀರ್ವಾದ ಎಂದು ಹುಡುಗ ಎಡ್ಡಿ ತೀರ್ಮಾನಿಸಿದ. ಅರವತ್ತಾರರ ಎಡ್ಡಿಗೆ ಆ ತೀರ್ಮಾನವನ್ನು ಮರುಪರಿಶೀಲಿಸುವ ಕಾರಣವೇ ಬಂದಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಸಾವಿರದ ಒಂಬೈನೂರ ಎಂಬತ್ತೆಂಟರ ಶರತ್ಕಾಲದಲ್ಲಿ, ಚರ್ಚಿನ ಕೆಳಗಿನ ಹಾಲ್‌ನಲ್ಲಿ ಇಟಾಲಿಯನ್ ಪಾಠ ಹೇಳುತ್ತಿದ್ದ ಮಿಸ್ ಪೆಲ್ಲೆಗ್ರಿ ಮಂಡಿನೋವಿಗೆ ಬಿಸಿಲು ಬೇಕೆಂದು ಫ್ಲಾರಿಡಾಕ್ಕೆ ಹೊರಟುಹೋದಳು. ಆರು ವರ್ಷ ವ್ಯಾಕರಣ ಅರೆದು ಕುಡಿಸಿದ ಮಹಾತಾಯಿ ಆಕೆ. ಅವಳ ಶಿಷ್ಯರಿಗೆ ಭೂತಕಾಲದ ರೂಪಗಳೆಲ್ಲ ಬಾಯಿಪಾಠವಾಗಿದ್ದವು. ಆದರೆ ಅವರಲ್ಲೊಬ್ಬಳು ರೋಮಿಗೆ ಹೋದಾಗ ಶೌಚಾಲಯ ಎಲ್ಲಿದೆ ಎಂದು ಕೇಳಲು ಸರಿಯಾದ ಕ್ರಿಯಾಪದ ಹುಡುಕುತ್ತ ನಿಂತು, ಸಿಗುವಷ್ಟರಲ್ಲಿ ಅದರ ಅಗತ್ಯವೇ ತೀರಿಹೋಗಿತ್ತಂತೆ.

ಪಾದ್ರಿ ಫಾದರ್ ಡೆವ್ಲಿನ್ ಐರಿಷ್ ಮನುಷ್ಯ. ಹೆಸರಿನ ಕೊನೆಗೆ 'ಒ' ಇದ್ದವರಿಗೆಲ್ಲ ಇಟಾಲಿಯನ್ ಬರುತ್ತದೆಂದು ನಂಬಿದ್ದವರು. ಅವರು ಎಡ್ಡಿಯನ್ನು ಬೇಕರಿಯಲ್ಲೇ ಹಿಡಿದರು.

"ಎಡ್ಡಿ, ಮಂಗಳವಾರ ಸಂಜೆ ಆರಕ್ಕೆ ಇಪ್ಪತ್ತೆರಡು ಜನ ಬರ್ತಾರೆ. ಪಾಠ ನಿಂದು."

"ಫಾದರ್, ನಾನು ಮೇಷ್ಟ್ರಲ್ಲ..."

"ಅದೇ ಬೇಕಾಗಿರೋದು. ಮೇಷ್ಟ್ರನ್ನ ಆರು ವರ್ಷ ನೋಡಾಯ್ತು."

ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದ ಮೇಲೆ ಹಿಂದೆ ಸರಿಯುವುದು ಎಡ್ಡಿಯ ಜಾಯಮಾನವಲ್ಲ. ಐದು ಬೆರಳನ್ನೂ ಒಟ್ಟುಗೂಡಿಸಿ ಒಪ್ಪಿಗೆ ಕೊಟ್ಟ.

ಮನೆಯಲ್ಲಿ ಲೊರೆಟ್ಟಾ ಮೆಣಸಿನಕಾಯಿ ಹುರಿಯುತ್ತಿದ್ದವಳು ಸೌಟು ಕೆಳಗಿಟ್ಟಳು. "ಅಲ್ಲಾ ಎಡ್ಡಿ, ನಿಂಗೆ ಬರೋದು ಹನ್ನೆರಡು ವಾಕ್ಯ. ಹನ್ನೊಂದಕ್ಕೆ ಏಟು ಬೀಳುತ್ತೆ."

"ಭಾಷೆ ಅಂದ್ರೆ ಲೆಕ್ಕ ಅಲ್ಲ ಕಣೇ, ಧೈರ್ಯ."

"ಹಾಗಾದ್ರೆ ಚೈನೀಸೂ ಹೇಳ್ಕೊಡು."

ಮಂಗಳವಾರ ಎಡ್ಡಿ ಟೈ ಕಟ್ಟಿಕೊಂಡು ಹೋದ. ಮುಂದಿನ ಸಾಲಿನಲ್ಲಿ ಗ್ಲೋರಿಯಾ ಝಂಬರಾನೊ ಹೊಸ ನೋಟ್‌ಪುಸ್ತಕ, ಮೂರು ಬಣ್ಣದ ಪೆನ್ನು ಇಟ್ಟುಕೊಂಡು ಕೂತಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿದ ವಿಧವೆ. ಅವಳ ತಂದೆಯ ಕಡೆಯಲ್ಲಿ ಸಂಪರ್ಕದಲ್ಲಿದ್ದವಳು ನೇಪಲ್ಸಿನ ಎರ್ಸಿಲಿಯಾ ಅತ್ತೆ ಒಬ್ಬಳೇ, ಎಂಬತ್ತನಾಲ್ಕು ವರ್ಷ. ಇಬ್ಬರೂ ಕ್ರಿಸ್‌ಮಸ್ಸಿಗೆ ಫೋನ್ ಮಾಡಿ, ಮಾತು ಬಾರದೆ, ಒಬ್ಬರ ಉಸಿರು ಒಬ್ಬರು ಕೇಳಿ ಇಟ್ಟುಬಿಡುತ್ತಿದ್ದರು. ಸಾಯುವ ಮುಂಚೆ ಅತ್ತೆಯ ಜೊತೆ ನಾಲ್ಕು ಮಾತಾಡಬೇಕೆನ್ನುವುದು ಗ್ಲೋರಿಯಾಳ ಆಸೆ.

"ಪುಸ್ತಕ ಯಾವ್ದು ಸರ್?" ಎಂದಳು.

"ಪುಸ್ತಕ ಇಲ್ಲ!" ಎಡ್ಡಿ ಗುಡುಗಿದ. "ಮಗು ಪುಸ್ತಕ ಓದಿ ಮಾತು ಕಲಿಯುತ್ತಾ? ಮೊದಲ ದಿನದಿಂದ್ಲೇ ಬಾಯಿ ಬಿಡ್ಬೇಕು. ಇಲ್ಲಿ ಮಾತು, ಬರೀ ಮಾತು."

ಸಭೆ ರೋಮಾಂಚನಗೊಂಡಿತು. ಪುಸ್ತಕವಿದ್ದರೆ ತನಗೆ ಓದಲು ಬರುವುದಿಲ್ಲವೆಂಬುದನ್ನು ಎಡ್ಡಿ ಬಿಡಿಸಿ ಹೇಳಲಿಲ್ಲ. ಮಹತ್ವದ ಶಿಕ್ಷಣ ಪದ್ಧತಿಗಳು ಹುಟ್ಟುವುದು ಹೀಗೆಯೇ ಇರಬೇಕು.

ಅಂಚೆ ಹಂಚುವ ನಾರ್ಮನ್ ಕೈಯೆತ್ತಿದ. "ಸರ್, ಕಿಟಕಿಗೆ ಏನಂತಾರೆ?"

"ಕಿಟಕಿಗೆ ಏನೂ ಅನ್ನಲ್ಲ. ಸುಮ್ನೆ ಎದ್ದು ಹೋಗಿ ಮುಚ್ತಾರೆ."

"ಒಂದ್ವೇಳೆ ಅನ್ಬೇಕಾಗಿ ಬಂದ್ರೆ?"

"ನಾರ್ಮನ್, ನೀನು ಇಟಲಿಗೆ ಹೋಗೋದು ಮನುಷ್ಯರ ಹತ್ರ ಮಾತಾಡೋಕಾ, ಕಿಟಕಿ ಹತ್ರನಾ?"

ನಾರ್ಮನ್ ನಾಚಿ ಕೂತ. ಪಾಠ ಶುರುವಾಯಿತು. ಒಬ್ಬರು ಹೊರಗೆ ಹೋಗಿ ಬಾಗಿಲು ತೆರೆದಿಟ್ಟು ಒಳಬರಬೇಕು, ಉಳಿದವರು ಎದ್ದು ನಿಂತು ಗುಹೆಯ ವಾಕ್ಯವನ್ನು ಅರಚಬೇಕು. ಬಿಸ್ಕತ್ತು ಬೇಡವೆಂದವನಿಗೆ "ತಿನ್ನು, ಇಲ್ಲಾ ಸಾಯಿ". ತಡವಾಗಿ ಬಂದವನಿಗೆ ಊರ ದೊರೆ. ಎಲ್ಲಕ್ಕೂ ತಕ್ಕಂತೆ ಕೈ ಆಡಬೇಕು. ಆರು ವರ್ಷ ಬಾಯಿ ಬಿಡದಿದ್ದವರು ಆರೇ ವಾರದಲ್ಲಿ ಕಂಬ ಅಲುಗುವಂತೆ ಕೂಗಿದರು. ಗುರುತಿನವರಿಗೂ ತಲೆ ತಗ್ಗಿಸಿಯೇ ಹಲೋ ಹೇಳುತ್ತಿದ್ದ ನಾರ್ಮನ್ ಒಮ್ಮೆ ತನ್ನ ಮೇಲಧಿಕಾರಿಗೆ ಸೋಪಿನ ವಾಕ್ಯ ಹೇಳಿ ಬಂದ. ಆತನಿಗೆ ಅರ್ಥವಾಗದ್ದರಿಂದ ನೌಕರಿ ಉಳಿಯಿತು.

ಪ್ರತಿ ಪಾಠದ ಕೊನೆಗೆ ಎಲ್ಲರೂ ಎದೆಯ ಮೇಲೆ ಕೈಯಿಟ್ಟು, ಪರಸ್ಪರ ಮುಖ ನೋಡಿ "ಪೊತ್ಸೆ ಸ್ಕುಲಾ" ಎಂದು ಹೇಳಿಕೊಳ್ಳುವುದು ಪದ್ಧತಿಯಾಯಿತು. ಕೇರಿಯ ಅಂಗಡಿಗಳಲ್ಲೂ ಅದೇ ನಮಸ್ಕಾರವಾಯಿತು. ಫಾದರ್ ಡೆವ್ಲಿನ್‌ಗಂತೂ ಅದು ಬಹಳ ಹಿಡಿಸಿತು. "ಎಷ್ಟು ಚಿಕ್ಕದು, ಎಷ್ಟು ತುಂಬಿದೆ!" ಎನ್ನುತ್ತಿದ್ದರು.

ಡಿಸೆಂಬರಿನಲ್ಲಿ ಆಲ್ದೊ ಪರೀಸಿ ತೀರಿಕೊಂಡ. ಕ್ಲಬ್ಬಿನ ಅಂಗಳದಲ್ಲಿ ಐವತ್ತು ವರ್ಷ ಗುಂಡು ಉರುಳಿಸುವ ಬೋಚೆ ಆಟ ಆಡಿದ ಮನುಷ್ಯ. ಯಾರೂ ನೋಡದಾಗ ಗುಂಡನ್ನು ಕಾಲಿನಿಂದ ತಳ್ಳುತ್ತಿದ್ದ ಎಂಬುದನ್ನು ಬಿಟ್ಟರೆ ಸಜ್ಜನ. ಅಂತ್ಯಕ್ರಿಯೆಯಲ್ಲಿ ಫಾದರ್ ಡೆವ್ಲಿನ್ ಶವಪೆಟ್ಟಿಗೆಯ ಮೇಲೆ ಕೈಯಿಟ್ಟು, ಗದ್ಗದರಾಗಿ, "ಸ್ವರ್ಗದ ಶಾಲೆಗೆ ಹೊರಟ ಆಲ್ದೊ, ನಿನ್ನ ಪೂರ್ವಿಕರ ನುಡಿಯಲ್ಲೇ ನಿನ್ನನ್ನು ಬೀಳ್ಕೊಡುತ್ತೇನೆ. ಪೊತ್ಸೆ ಸ್ಕುಲಾ!" ಎಂದರು.

ಮೂರನೇ ಬೆಂಚಿನಲ್ಲಿದ್ದ ನುನ್ಸಿಯಾ ಅಜ್ಜಿ ಹಠಾತ್ತನೆ ಮುಂದಕ್ಕೆ ಬಾಗಿದಳು. ನೇಪಲ್ಸಿನಲ್ಲೇ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದಿದ್ದ ಎಂಬತ್ತೆಂಟರ ಮುದುಕಿ. ಭುಜ ಕುಲುಕುತ್ತಿತ್ತು, ಕಣ್ಣಲ್ಲಿ ನೀರು ಧಾರಾಕಾರ, ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಿದ್ದಳು. ಇಬ್ಬರು ಹಿಡಿದು ಹೊರಗೆ ಕರೆದೊಯ್ದರು. ಆಲ್ದೊನ ಮೇಲೆ ಇಷ್ಟು ಪ್ರೀತಿಯಿತ್ತೇ ಎಂದು ಹೆಂಗಸರು ಪಿಸುಗುಟ್ಟಿದರು.

ಆಮೇಲೆ ಅಂಗಳದಲ್ಲಿ ಅಜ್ಜಿ ಎಡ್ಡಿಯ ಕೆನ್ನೆ ಹಿಂಡಿದಳು. "ಪಾದ್ರಿಗೆ ಅದನ್ನ ಹೇಳ್ಕೊಟ್ಟೋನು ನೀನೇನಾ?"

"ಹೌದಜ್ಜಿ."

"ಭೇಷ್ ಮಗನೇ! ನಲವತ್ತು ವರ್ಷದಿಂದ ಆ ಆಲ್ದೊಗೆ ಅದನ್ನ ಹೇಳ್ಬೇಕು ಅಂತಿದ್ದೆ. ಬಾಯಿ ಬರ್ಲಿಲ್ಲ. ಪಾದ್ರಿ ಬಾಯಲ್ಲೇ ಹೇಳ್ಸಿಬಿಟ್ಯಲ್ಲ, ಅದೂ ಪೆಟ್ಟಿಗೆ ಮೇಲೆ ಕೈ ಇಟ್ಟು!"

ಎಡ್ಡಿ ಅಂದು ಮನೆಗೆ ಬಂದಾಗ ಅಂಗಿಯ ಗುಂಡಿ ಹಾಕಲಾಗದಷ್ಟು ಉಬ್ಬಿದ್ದ. "ಹುಟ್ಟು ನೇಪಲ್ಸಿನೋಳು ಭೇಷ್ ಅಂದ್ಲು ಕಣೇ," ಎಂದ. ಲೊರೆಟ್ಟಾ ಅವನನ್ನೇ ನೋಡಿದಳು. "ನುನ್ಸಿಯಾ ಅಜ್ಜಿ ಯಾರನ್ನಾದ್ರೂ ಹೊಗಳಿದ್ದು ನಾನಂತೂ ಕೇಳಿಲ್ಲ. ನಂಗೆ ಯಾಕೋ ಹೆದರಿಕೆ ಆಗ್ತಿದೆ," ಎಂದಳು.

ಕ್ರಿಸ್‌ಮಸ್ ಮುಗಿದ ಮೊದಲ ಮಂಗಳವಾರ ಗ್ಲೋರಿಯಾ ಓಡೋಡಿ ಬಂದಳು. ಮುಖ ಹೊಳೆಯುತ್ತಿತ್ತು.

"ಎಡ್ಡಿ, ಮಾತಾಡಿದೆ! ಅತ್ತೆ ಹತ್ರ ಮಾತಾಡಿದೆ! ಕ್ರಿಸ್‌ಮಸ್ ದಿನಾನೇ ಅವರ ಹುಟ್ಟಿದಬ್ಬ ಅಲ್ವಾ, ಎದೆ ಮೇಲೆ ಕೈ ಇಟ್ಕೊಂಡು, 'ಅತ್ತೇ, ಪೊತ್ಸೆ ಸ್ಕುಲಾ' ಅಂದೆ. ಒಂದೂ ತಪ್ಪಿಲ್ಲ."

"ಏನಂದ್ರು?"

"ಪಾಪ, ಮೊದ್ಲು ಮಾತೇ ಹೊರಡ್ಲಿಲ್ಲ. ಅಷ್ಟು ಸಂತೋಷ! ಇನ್ನೊಂದ್ಸಲ ಹೇಳು ಅಂತ ಕೇಳಿದ ಹಾಗಿತ್ತು. ಹೇಳಿದೆ. ಆಮೇಲೆ ಅಳೋಕೆ ಶುರು ಮಾಡಿದ್ರು. ಅವರ ಮಗ ಫೋನ್ ಕಿತ್ಕೊಂಡ, ಅವನೂ ಭಾವುಕನಾಗಿ ಕೂಗಾಡಿದ. ಅವನಿಗೂ ಹೇಳಿದೆ."

ತರಗತಿಯಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಎಡ್ಡಿ ಹೊರಗೆ ಹೋಗಿ ಮೂಗು ಸೀಟಿಕೊಂಡು ಬಂದ.

ಇಂಥ ಕೀರ್ತಿ ಒಂದು ಕೇರಿಯಲ್ಲಿ ಅಡಗಿ ಕೂರುತ್ತದೆಯೇ? ಫಾದರ್ ಡೆವ್ಲಿನ್ ಬಾಸ್ಟನ್ನಿನ ಇಟಾಲಿಯನ್ ಭಾಷಾ ಪ್ರಚಾರ ಸಭೆಗೆ ನಾಲ್ಕು ಪುಟದ ಪತ್ರ ಬರೆದರು. ಸಭೆ ಮೆಚ್ಚಿದ ತರಗತಿಗೆ ಮಾನ್ಯತೆ ಉಂಟು, ಇಡೀ ತರಗತಿಗೆ ಬೇಸಿಗೆಯಲ್ಲಿ ಹದಿನೈದು ದಿನದ ಇಟಲಿ ಪ್ರವಾಸವೂ ಉಂಟು. ಫೆಬ್ರವರಿಯಲ್ಲಿ ತಪಾಸಣೆಗೆ ಡಾಕ್ಟರ್ ಒತ್ತಾವಿಯೊ ಸೆರ್ರಾ ಬರುವುದಾಗಿ ಉತ್ತರ ಬಂತು.

ಕೇರಿ ಟೊಂಕ ಕಟ್ಟಿ ನಿಂತಿತು. ವೇದಿಕೆಯ ಮೇಲೆ ಚಿನ್ನದ ಬಣ್ಣದ ಅಕ್ಷರದಲ್ಲಿ ಹನ್ನೆರಡನೆಯ ವಾಕ್ಯ ತೂಗಿತು. ಬೇಕರಿಯವನು ಅದನ್ನೇ ಕೆನೆಯಲ್ಲಿ ಬರೆದ ಕೇಕ್ ತಂದಿಟ್ಟ. ಲೊರೆಟ್ಟಾ ಮಾತ್ರ ಬಾಗಿಲ ಪಕ್ಕದ ಕುರ್ಚಿ ಹಿಡಿದಳು.

ಡಾಕ್ಟರ್ ಸೆರ್ರಾ ತೆಳ್ಳಗಿನ, ನುಣುಪಾದ ಮನುಷ್ಯ. ಕೋಟಿನ ಜೇಬಿನಲ್ಲಿ ರೇಷ್ಮೆ ಕರವಸ್ತ್ರ. ನಡೆ, ನುಡಿ, ಹುಬ್ಬು ಎಲ್ಲವೂ ಇಸ್ತ್ರಿ ಮಾಡಿದಂತಿದ್ದವು. ಶುದ್ಧ ಇಟಾಲಿಯನ್ ಬಿಟ್ಟು ಬೇರೇನೂ ತುಟಿಯ ಮೇಲೆ ಸುಳಿಯದೆಂದು ಅವರ ಖ್ಯಾತಿ. "ಹಳ್ಳಿಗಾಡಿನ ಅಪಭ್ರಂಶಗಳನ್ನು ನಾನು ಸಹಿಸುವವನಲ್ಲ," ಎಂದು ಫಾದರ್‌ಗೆ ಮೊದಲೇ ಎಚ್ಚರಿಸಿದರು. "ಭಾಷೆಯೆಂಬುದು ಸ್ಫಟಿಕದಂತಿರತಕ್ಕದ್ದು."

"ನಮ್ಮದು ಸ್ಫಟಿಕಾನೇ," ಎಂದರು ಫಾದರ್. "ಎಡ್ಡಿ, ಶುರು ಮಾಡು."

ಎಡ್ಡಿ ಕೈಯೆತ್ತಿದ. ಇಪ್ಪತ್ತೆರಡು ಜನ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಸೆರ್ರಾ ಅವರ ಕಣ್ಣಲ್ಲಿ ಕಣ್ಣಿಟ್ಟು, ನಗುನಗುತ್ತಾ ಒಕ್ಕೊರಲಿನಿಂದ ಹೇಳಿದರು:

"ಪೊತ್ಸೆ ಸ್ಕುಲಾ!"

ಸೆರ್ರಾ ಅವರ ಕೈಯಿಂದ ಕಾಫಿಯ ಬಟ್ಟಲು ಜಾರಿತು. "ಏನು... ಏನೆಂದಿರಿ?" ಎಂದು ಉಸುರಿದರು.

ಕೇಳಿಸಲಿಲ್ಲವೇನೋ ಎಂದುಕೊಂಡ ಶಿಷ್ಯರು ಇನ್ನೂ ಗಟ್ಟಿಯಾಗಿ ಹೇಳಿದರು. ನಾರ್ಮನ್ ಒಂದು ಹೆಜ್ಜೆ ಮುಂದೆ ಬಂದು ತನ್ನ ಪರವಾಗಿ ಪ್ರತ್ಯೇಕವಾಗಿ ಹೇಳಿದ. ಫಾದರ್ ಡೆವ್ಲಿನ್ ಮೇಲೆ ತೂಗುತ್ತಿದ್ದ ಅಕ್ಷರಗಳನ್ನು ತೋರಿಸಿ, ಆಮೇಲೆ ಕೇಕನ್ನು ತೋರಿಸಿದರು.

ಆಗ ನಡೆದದ್ದನ್ನು ಬಾಸ್ಟನ್ನಿನಲ್ಲಿ ಯಾರೂ ನಂಬಲಿಕ್ಕಿಲ್ಲ. ಡಾಕ್ಟರ್ ಸೆರ್ರಾ ಹುಟ್ಟಿದ್ದು ನೇಪಲ್ಸಿನ ಮೀನು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ. ಮೂವತ್ತು ವರ್ಷದಿಂದ ಬಚ್ಚಿಟ್ಟಿದ್ದ ಆ ಓಣಿಯ ಮಾತು ಒಂದೇ ಉಸಿರಿಗೆ ಹೊರಗೆ ಬಂತು.

"ಯಾವನ್ಲಾ ಅವ್ನು! ನನ್ನೇ ಕರ್ಸಿ, ಕೇಕ್ ಮಾಡ್ಸಿ, ನನ್ ಹೆಣಾನೇ ಸೋರಾಕ್ತೀರೇನ್ಲಾ! ನಿಮ್ ವಂಶ ಸೋರೋಗ!" ಎಂದು ಐದು ಬೆರಳನ್ನೂ ಒಟ್ಟುಗೂಡಿಸಿ ಮೂಗಿನ ಮುಂದೆ ಅಲ್ಲಾಡಿಸಿದರು.

ತರಗತಿ ಪುಳಕಗೊಂಡಿತು. ನಿಜವಾದ ಇಟಾಲಿಯನ್ನನೊಬ್ಬ ತಮ್ಮ ಎಡ್ಡಿಯ ಹಾಗೆಯೇ ಮಾತಾಡುತ್ತಿದ್ದಾನೆ! ಇದು ಮೌಖಿಕ ಪರೀಕ್ಷೆಯೆಂದು ಎಲ್ಲರೂ ತಿಳಿದರು. "ಯಾರು ಅಂದ್ಕೊಂಡಿದ್ದೀಯ ನೀನು, ಊರ ದೊರೇನಾ?" ಎಂದಳು ಗ್ಲೋರಿಯಾ, ಬಿಡುಬೀಸಾಗಿ. "ನಿನ್ನ ಮುಖಕ್ಕೆ ಸೋಪು ದಂಡ," ಎಂದ ನಾರ್ಮನ್. ಸೆರ್ರಾ ಬಾಗಿಲ ಕಡೆ ಓಡಿ ಅದನ್ನು ತೆರೆದದ್ದೇ ತಡ, ಇಪ್ಪತ್ತೆರಡು ಕಂಠಗಳು ಗುಹೆಯ ಪ್ರಶ್ನೆ ಕೇಳಿದವು.

ಲೊರೆಟ್ಟಾ ಬಾಗಿಲಿಗೆ ಅಡ್ಡ ನಿಂತಳು. "ಸ್ವಾಮಿ, ಒಂದ್ನಿಮಿಷ. ಅದರ ಅರ್ಥ ಏನು ಹೇಳ್ಬಿಟ್ಟು ಹೋಗಿ. ಇಪ್ಪತ್ತೆಂಟು ವರ್ಷದಿಂದ ನಂಗೆ ಅನುಮಾನ."

ಸೆರ್ರಾ ಏದುಸಿರು ಬಿಡುತ್ತ ಹೇಳಿದರು. ನೇಪಲ್ಸಿನಲ್ಲಿ ಹಿಂದೆ ಸತ್ತವರನ್ನು ನೆಲಮಾಳಿಗೆಯಲ್ಲಿ ಕೂರಿಸುತ್ತಿದ್ದರು, ಮೈಯ ನೀರೆಲ್ಲ ಸೋರಿ ಒಣಗಲಿ ಎಂದು. 'ನಿನಗೂ ಹಾಗೇ ಆಗಲಿ, ನಿನ್ನ ಹೆಣ ಸೋರಿಹೋಗಲಿ' ಎಂಬುದೇ ಆ ಮಾತು.

ಬೇಕರಿಯವನು ಮೆಲ್ಲಗೆ ಕೇಕಿನ ಮೇಲೆ ಬಟ್ಟೆ ಮುಚ್ಚಿದ.

"ಶಾಲೆ ಅಲ್ವಾ?" ಎಂದ ಎಡ್ಡಿ, ಸಣ್ಣ ದನಿಯಲ್ಲಿ.

"ಶಾಲೆಯಂತೆ ಶಾಲೆ!"

ಫಾದರ್ ಡೆವ್ಲಿನ್ ಕುರ್ಚಿಯಲ್ಲಿ ಕುಸಿದರು. "ಪೆಟ್ಟಿಗೆ ಮೇಲೆ ಕೈ ಇಟ್ಟಿದ್ದೆ," ಎಂದರು. ಗ್ಲೋರಿಯಾಳ ಮುಖ ಬಿಳಿಚಿತು. "ಅತ್ತೆಗೆ ಎರಡು ಸಲ ಹೇಳಿದೆ. ಹುಟ್ಟಿದಬ್ಬದ ದಿನ," ಎಂದಳು. ಆಮೇಲೆ ನಿಧಾನವಾಗಿ ಎಡ್ಡಿಯ ಕಡೆ ತಿರುಗಿದಳು. ಉಳಿದ ಇಪ್ಪತ್ತೊಂದು ಮುಖಗಳೂ ತಿರುಗಿದವು.

ಮುಂದಿನ ಕಾಲು ಗಂಟೆ ಎಡ್ಡಿ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ತಾನು ಕಲಿಸಿದ ಹನ್ನೆರಡೂ ವಾಕ್ಯಗಳು ಅವನ ಮೇಲೆ ಕಲ್ಲಿನಂತೆ ಬಿದ್ದವು. ಯಾರೂ ತಡವರಿಸಲಿಲ್ಲ, ಯಾರೂ ಪದ ಹುಡುಕಲಿಲ್ಲ. ವಾಕ್ಯ ಸಾಲದಾದಾಗ ಒಂದರ ತಲೆಗೆ ಇನ್ನೊಂದರ ಬಾಲ ಕಟ್ಟಿ ಹೊಸದನ್ನು ಮಾಡಿಕೊಂಡರು. "ಗುಹೆಯಲ್ಲಿ ಹುಟ್ಟಿದ ದೊರೆ, ಸೋಪು ತಿನ್ನು!" ಎಂದು ನಾರ್ಮನ್ ರಚಿಸಿದ್ದು ವ್ಯಾಕರಣದಲ್ಲೂ ಸರಿಯಾಗಿತ್ತೆಂದು ಆಮೇಲೆ ತಿಳಿಯಿತು. ಹಿಂದಿನ ಬೆಂಚಿನಲ್ಲಿ ನುನ್ಸಿಯಾ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಡಾಕ್ಟರ್ ಸೆರ್ರಾ ಬಾಗಿಲಲ್ಲಿ ನಿಂತು ಕೇಳಿದರು. ಕೇಳುತ್ತ ಕೇಳುತ್ತ ಜೇಬಿನಿಂದ ತಪಾಸಣೆಯ ನಮೂನೆ ತೆಗೆದು ಏನೋ ಬರೆಯತೊಡಗಿದರು.

ವರದಿ ಎರಡು ವಾರದ ಮೇಲೆ ಬಂತು. "ಹನ್ನೊಂದು ವರ್ಷಗಳಲ್ಲಿ ನಾನು ತಪಾಸಣೆ ಮಾಡಿದ ತರಗತಿಗಳ ಪೈಕಿ ನನಗೆ ತಿರುಗಿ ಉತ್ತರ ಕೊಟ್ಟದ್ದು ಇದೊಂದೇ. ಸಂಭಾಷಣೆ: ಅತ್ಯುತ್ತಮ. ವಿಷಯ: ಹೇಳತಕ್ಕದ್ದಲ್ಲ. ಮಾನ್ಯತೆ ನೀಡಬಹುದು. ಶಿಕ್ಷಕರನ್ನು ಅದೇ ತರಗತಿಗೆ ವಿದ್ಯಾರ್ಥಿಯಾಗಿ ಸೇರಿಸತಕ್ಕದ್ದು." ಅಂದಿನಿಂದ ನುನ್ಸಿಯಾ ಅಜ್ಜಿ ಮೇಷ್ಟ್ರ ಕುರ್ಚಿ ಏರಿದಳು. ಎಡ್ಡಿಗೆ ಮುಂದಿನ ಸಾಲಿನಲ್ಲಿ, ಅವಳ ಕೈಗೆ ಎಟಕುವ ಜಾಗ ಸಿಕ್ಕಿತು.

ಆದರೆ ನೇಪಲ್ಸಿನಲ್ಲಿ ಒಬ್ಬ ಮುದುಕಿ ಊಟ ಬಿಟ್ಟು ಕೂತಿದ್ದಳಲ್ಲ? ಅವಳ ಮಗ ಕಾಗದ ಬರೆದಿದ್ದ: ಅಮೆರಿಕದ ಝಂಬರಾನೊಗಳು ಇನ್ನು ನಮ್ಮ ಪಾಲಿಗಿಲ್ಲ. ಗ್ಲೋರಿಯಾ ಫೋನ್ ಮಾಡಿದರೆ ಅವಳ ದನಿ ಕೇಳಿದ ತಕ್ಷಣ ಇಟ್ಟುಬಿಡುತ್ತಿದ್ದರು. ತರಗತಿಯಲ್ಲಿ ಅವಳು ಎಡ್ಡಿಯನ್ನು ಬೈಯುವುದನ್ನೂ ನಿಲ್ಲಿಸಿದ್ದಳು. ಬಣ್ಣದ ಪೆನ್ನುಗಳನ್ನು ಮುಟ್ಟದೆ ಸುಮ್ಮನೆ ಕೂರುತ್ತಿದ್ದಳು. ಅದು ಎಡ್ಡಿಗೆ ಬೈಗುಳಕ್ಕಿಂತ ಜೋರಾಗಿ ತಟ್ಟಿತು.

"ನೀನೇ ಫೋನ್ ಮಾಡು," ಎಂದಳು ಲೊರೆಟ್ಟಾ. "ತಪ್ಪು ನಂದು ಅಂತ ಹೇಳು. ಅವರ ಭಾಷೇಲೇ."

ಎಡ್ಡಿ ತನ್ನ ಹನ್ನೆರಡು ವಾಕ್ಯಗಳನ್ನೂ ತಿರುವಿಹಾಕಿದ. ಕ್ಷಮೆ ಕೇಳುವುದು ಒಂದೂ ಇರಲಿಲ್ಲ. ಅವನ ಅಜ್ಜಿ ಜನ್ಮದಲ್ಲಿ ಯಾರ ಕ್ಷಮೆಯನ್ನೂ ಕೇಳಿದವಳಲ್ಲ.

ನುನ್ಸಿಯಾ ಅಜ್ಜಿ ವಾರಪೂರ್ತಿ 'ಕ್ಷಮಿಸಿ' ಎಂಬ ಒಂದೇ ಪದ ಕಲಿಸಿದಳು. "ಪೆರ್ದೊನಾತೆಮಿ. ಬಾಲ ಕತ್ತರಿಸಿದ್ರೆ ನಿನ್ನ ಕಿವಿ ಕತ್ತರಿಸ್ತೀನಿ." ಕಲಿಯುವುದು ಎಷ್ಟು ಕಷ್ಟವೆಂದು ಎಡ್ಡಿಗೆ ಆಗ ಗೊತ್ತಾಯಿತು.

ಶನಿವಾರ ಬೆಳಿಗ್ಗೆ ಗ್ಲೋರಿಯಾಳ ಅಡುಗೆಮನೆಯಿಂದ ಎಡ್ಡಿ ಫೋನ್ ಮಾಡಿದ. ಅತ್ತೆಯೇ ಎತ್ತಿದಳು. ಎಡ್ಡಿ ಬೆವರೊರೆಸಿಕೊಂಡು, ಬಾಲ ಸಮೇತ, ಮೂರು ಸಲ ಹೇಳಿದ. ಆ ಕಡೆಯಿಂದ ಮಾತು ಹರಿಯತೊಡಗಿತು. ಎಡ್ಡಿಗೆ ಒಂದಕ್ಷರ ಹತ್ತಲಿಲ್ಲ. ಆದರೆ ನಡುವೆ ನಡುವೆ ಅವಳು ನಿಲ್ಲಿಸಿ ಕಾಯುತ್ತಿದ್ದಳು. ಹಾಗೆ ನಿಂತಲ್ಲೆಲ್ಲ ಎಡ್ಡಿ ವಿನಯದಿಂದ "ಸೀ" ಎಂದ. ಹೌದು ಎನ್ನಲು ಅಷ್ಟು ಸಾಕೆಂದು ಅವನಿಗೂ ಗೊತ್ತಿತ್ತು. ಒಟ್ಟು ಒಂಬತ್ತು ಸಲ. ಕೊನೆಗೆ ಅತ್ತೆ ನಕ್ಕಳು.

"ಏನಂದ್ರು?" ಲೊರೆಟ್ಟಾ ಕೇಳಿದಳು.

"ಕ್ಷಮಿಸಿದ್ರು."

"ಅಷ್ಟುದ್ದಾನಾ?"

"ದೊಡ್ಡ ಮನಸ್ಸು ಕಣೇ."

ಆ ದೊಡ್ಡ ಮನಸ್ಸಿನ ವಿವರ ಮೂರು ವಾರದ ಮೇಲೆ ಕಾಗದದಲ್ಲಿ ಬಂತು. ನುನ್ಸಿಯಾ ಅಜ್ಜಿ ತರಗತಿಯ ಮುಂದೆ ಓದಿದಳು. "'ಶ್ರೀಮಾನ್ ಫುಸ್ಕೊ ಅವರು ಅಷ್ಟು ಒತ್ತಾಯ ಮಾಡಿ ಕರೆದಿದ್ದರಿಂದ ಏಪ್ರಿಲ್‌ನಲ್ಲಿ ಬರುತ್ತಿದ್ದೇನೆ. ಅವರ ಮನೆಯಲ್ಲೇ ಇರಬೇಕು, ಕೆಳಗಿನ ಮಹಡಿಯ ಕೋಣೆ ಕೊಡುತ್ತಾರೆ, ಅಡುಗೆಮನೆ ನನ್ನ ಕೈಗೆ ಬಿಡುತ್ತಾರೆ ಎಂದು ಒಪ್ಪಿದ್ದಾರೆ. ಚಳಿಗಾಲ ಕಳೆಯುವವರೆಗೆ ಇರಿ ಎಂದಿದ್ದಾರೆ. ತಂಗಿ ವಿಂಚೆಂತ್ಸಾಳನ್ನೂ ಕರೆತರಲೇ ಎಂದರೆ ಅದಕ್ಕೂ ಹೌದು ಎಂದರು. ನಾವಿಬ್ಬರೂ ಹತ್ತು ವರ್ಷದಿಂದ ಮಾತು ಬಿಟ್ಟಿದ್ದೆವು. ಇಂಥ ಒಳ್ಳೆಯ ಮನುಷ್ಯ ಇನ್ನೂ ಇದ್ದಾನಲ್ಲ ಎಂದು ಈಗ ಶುರು ಮಾಡಿದ್ದೇವೆ.'"

ಲೊರೆಟ್ಟಾ ಮನೆಗೆ ಹೋಗಿ ಎಡ್ಡಿಯ ದಿಂಬು, ಹೊದಿಕೆ, ರೇಡಿಯೊ ಎಲ್ಲವನ್ನೂ ನೆಲಮಾಳಿಗೆಯ ಬಾಯ್ಲರ್ ಪಕ್ಕಕ್ಕೆ ಇಳಿಸಿದಳು.

ಏಪ್ರಿಲ್ ಹದಿನಾಲ್ಕರ ಮಧ್ಯಾಹ್ನ ಬಾಸ್ಟನ್ ವಿಮಾನ ನಿಲ್ದಾಣದಲ್ಲಿ ಕಪ್ಪು ಉಡುಪಿನ ಇಬ್ಬರು ಮುದುಕಿಯರು ಏಳು ಪೆಟ್ಟಿಗೆಗಳೊಂದಿಗೆ ಇಳಿದರು. ಗ್ಲೋರಿಯಾ ಅತ್ತೆಯನ್ನು ಅಪ್ಪಿಕೊಂಡು ಎಷ್ಟೋ ಹೊತ್ತು ಬಿಡಲಿಲ್ಲ. ವಾಪಸು ಬರುವಾಗ ಲೊರೆಟ್ಟಾ ಕಾರು ಓಡಿಸಿದಳು, ಪಕ್ಕದಲ್ಲಿ ಗ್ಲೋರಿಯಾ. ಹಿಂದೆ ಅಕ್ಕತಂಗಿಯರ ನಡುವೆ ಎಡ್ಡಿ, ಮಡಿಲಲ್ಲಿ ಒಂದು ಪೆಟ್ಟಿಗೆ. ಎರಡೂ ಕಿವಿಗೂ ಇಟಾಲಿಯನ್ ಸುರಿಯುತ್ತಿತ್ತು. ಅರ್ಧ ದಾರಿಯಲ್ಲಿ ಎರ್ಸಿಲಿಯಾ ಅತ್ತೆ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ, ಅವನ ಮೊಣಕೈ ಹಿಡಿದು, ಮೆಲ್ಲಗೆ ಏನೋ ಕೇಳಿದಳು. ಉತ್ತರಕ್ಕಾಗಿ ಮುಖವನ್ನೇ ನೋಡುತ್ತ ಕಾದಳು.

ಎಡ್ಡಿಗೆ ಬುದ್ಧಿ ಬಂದಿತ್ತು. ಈ ಸಲ ಮೋಸ ಹೋಗುವವನಲ್ಲ.

"ನೋ," ಎಂದ, ದೃಢವಾಗಿ.

ಎರ್ಸಿಲಿಯಾ ಅತ್ತೆ ಅವನ ಮೊಣಕೈ ಬಿಟ್ಟಳು. ಮುಂದಿನ ಸೀಟಿನಿಂದ ಗ್ಲೋರಿಯಾ ನಿಧಾನಕ್ಕೆ ತಿರುಗಿದಳು. ಈ ಎರಡು ತಿಂಗಳಲ್ಲಿ ಅವಳು ನಿಜವಾಗಿಯೂ ಕಲಿತಿದ್ದಳು.

"ಎಡ್ಡಿ," ಎಂದಳು, "ನಾವು ಬಂದಿದ್ದು ನಿಂಗೆ ಸಂತೋಷ ತಾನೇ ಅಂತ ಕೇಳಿದ್ರು."